ಗಲ್ಫಿನಲ್ಲಿ ನಮ್ಮ ಶುಕ್ರವಾರಗಳು

ನಾನು ಆರನೇ ತರಗತಿಯವರೆಗೆ ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ಓದಿದವಳು. ಈ ವಿಷಯ ಗೊತ್ತಾದ ಕೂಡಲೇ ಗೆಳತಿಯರು ಕೇಳುವ ಮೊದಲ ಪ್ರಶ್ನೆ, "ವಾರದ ರಜೆಯಲ್ಲಿ ಎಲ್ಲೆಲ್ಲ ಸುತ್ತುತ್ತಿದ್ದಿರಿ? ತುಂಬಾ ಗಮ್ಮತ್ತಲ್ವಾ?" ಗಮ್ಮತ್ತು ಹೌದು. ಆದರೆ ಆ ಗಮ್ಮತ್ತಿನ ಹಿಂದೆ ಏನೆಲ್ಲ ಇತ್ತು ಎಂಬುದು ನನಗೇ ಅರ್ಥವಾದದ್ದು ಊರಿಗೆ ಬಂದ ಮೇಲೆ. ನಮ್ಮ ಕಾಲೇಜಿನಲ್ಲಿ ಅಪ್ಪನೋ ಅಣ್ಣನೋ ಗಲ್ಫಿನಲ್ಲಿರುವ ಮನೆಗಳಿಂದ ಬರುವವರು ಬಹಳ ಮಂದಿ ಇದ್ದೇವೆ. ಅವರು ಕಳುಹಿಸುವ ಫೋಟೋಗಳನ್ನು ನೋಡುತ್ತೇವೆ, ಆ ಫೋಟೋದ ಸುತ್ತಲಿನ ವಾರವನ್ನು ನೋಡುವುದಿಲ್ಲ. ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಕುಟುಂಬ ಕರೆದುಕೊಂಡು ಹೋಗುವುದು ಎಲ್ಲರಿಗೂ ಆಗುವುದಿಲ್ಲ

ಸೌದಿಯಲ್ಲಿ ದುಡಿಯುವ ಪ್ರತಿಯೊಬ್ಬ ವಿದೇಶೀಯನ ಕೈಯಲ್ಲೂ 'ಇಕಾಮಾ' ಎಂಬ ವಾಸ್ತವ್ಯದ ಗುರುತಿನ ಚೀಟಿ ಇರುತ್ತದೆ. ಅದರಲ್ಲಿ ಅವನ ಉದ್ಯೋಗ ಬರೆದಿರುತ್ತದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅನುಮತಿ ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಉದ್ಯೋಗದ ಮೇಲೆ ನಿಂತಿದೆ. ಎಂಜಿನಿಯರ್, ಅಕೌಂಟೆಂಟ್, ವೈದ್ಯರು, ಶಿಕ್ಷಕರು ಮುಂತಾದವರಿಗೆ ಸಿಗುತ್ತದೆ. ಕೂಲಿ ಕೆಲಸ ಎಂದು ಬರೆದಿದ್ದರೆ ಸಿಗುವುದಿಲ್ಲ. ಹಾಗೆ ಒಂಟಿಯಾಗಿರುವವರನ್ನು ಅಲ್ಲಿ 'ಬ್ಯಾಚುಲರ್' ಎನ್ನುತ್ತಾರೆ. ಊರಿನಲ್ಲಿ ಮೂರು ಮಕ್ಕಳಿದ್ದರೂ ಅಲ್ಲಿ ಅವರು ಬ್ಯಾಚುಲರ್ರೇ. ನನ್ನ ಉಪ್ಪ ಒಂದು ಕಂಪೆನಿಯಲ್ಲಿ ಅಕೌಂಟೆಂಟ್. ಆದ್ದರಿಂದ ಉಮ್ಮ, ಅಣ್ಣ, ನಾನು ಮತ್ತು ತಮ್ಮ ಅಲ್ಲಿ ಇರಲು ಸಾಧ್ಯವಾಯಿತು.

ಏಳು ದಿನದಲ್ಲಿ ಒಂದು ದಿನ

ಮೊದಲು ಸೌದಿಯಲ್ಲಿ ವಾರದ ರಜೆ ಗುರುವಾರ ಮತ್ತು ಶುಕ್ರವಾರ ಇತ್ತು. 2013ರ ಜೂನ್ ಕೊನೆಯಲ್ಲಿ ಅದನ್ನು ಶುಕ್ರವಾರ ಮತ್ತು ಶನಿವಾರಕ್ಕೆ ಬದಲಾಯಿಸಿದರು. ಉಳಿದ ದೇಶಗಳ ಬ್ಯಾಂಕು ವ್ಯವಹಾರಗಳಿಗೆ ಹೊಂದಿಕೆಯಾಗಲಿ ಎಂಬುದು ಅದರ ಉದ್ದೇಶ. ನಾನು ಒಂದನೇ ತರಗತಿಗೆ ಸೇರಿದ ವರ್ಷವದು. ಶಾಲೆಗೆ ಎರಡು ದಿನ ರಜೆ. ಆದರೆ ಖಾಸಗಿ ಕಂಪೆನಿಗಳಿಗೆ ಕಾರ್ಮಿಕ ಕಾನೂನಿನ ಪ್ರಕಾರ ವಾರಕ್ಕೆ 48 ಗಂಟೆಗಳವರೆಗೆ ಕೆಲಸ ಮಾಡಿಸಬಹುದು. ದಿನಕ್ಕೆ ಎಂಟು ಗಂಟೆಯಂತೆ ಆರು ದಿನ. ಹೀಗಾಗಿ ಉಪ್ಪನಿಗೆ ರಜೆ ಶುಕ್ರವಾರ ಮಾತ್ರ. ಶನಿವಾರ ನಾವು ಮಕ್ಕಳು ಮನೆಯಲ್ಲಿ, ಅವರು ಆಫೀಸಿನಲ್ಲಿ.

ಉಳಿದ ದಿನಗಳಲ್ಲಿ ಉಪ್ಪ ನಾವು ಶಾಲೆಯ ಬಸ್ಸು ಹತ್ತುವ ಹೊತ್ತಿಗೆ ಹೊರಡುವವರು, ಇಶಾ ಆದ ಮೇಲೆ ಬರುವವರು. ಉಮ್ಮನ ದಿನ ನಮಗಿಂತ ಉದ್ದ. ಮೂರನೇ ಮಹಡಿಯ ಎರಡು ಕೋಣೆಯ ಫ್ಲ್ಯಾಟು, ಕಿಟಕಿ ಮುಚ್ಚಿ ಎಸಿ ಹಾಕಿದ ಮನೆ. ಕೆಳಗೆ ಒಂದು 'ಬಖಾಲಾ', ಅಂದರೆ ನಮ್ಮ ಗೂಡಂಗಡಿಗಿಂತ ಸ್ವಲ್ಪ ದೊಡ್ಡ ದಿನಸಿ ಅಂಗಡಿ. ಅದರಾಚೆ ಹೋಗಬೇಕಾದರೆ ಕಾರು ಬೇಕು, ಕಾರಿಗೆ ಉಪ್ಪ ಬೇಕು. ಆ ದೇಶದಲ್ಲಿ ಹೆಂಗಸರು ವಾಹನ ಓಡಿಸಲು ಅನುಮತಿ ಬಂದದ್ದು 2018ರ ಜೂನ್ 24ರಂದು. ಉಮ್ಮ ಕಲಿಯುವ ಮೊದಲೇ ನಾವು ಊರಿಗೆ ಬಂದೆವು. ಈಗ ಅವರು ಇಲ್ಲಿ ಸ್ಕೂಟರ್ ಓಡಿಸುತ್ತಾರೆ. ಆದ್ದರಿಂದ ಶುಕ್ರವಾರದ ತಿರುಗಾಟ ನಮಗೆ ಮೋಜು, ಉಮ್ಮನಿಗೆ ವಾರಕ್ಕೊಮ್ಮೆ ಸಿಗುವ ಗಾಳಿ.

ಒಂದು ಶುಕ್ರವಾರ ಹೇಗಿರುತ್ತಿತ್ತು

ಬೆಳಿಗ್ಗೆ ಫಜ್ರ್ ಆದ ಮೇಲೆ ಉಪ್ಪ ಮತ್ತೆ ಮಲಗುತ್ತಿದ್ದರು. ಅವರನ್ನು ಎಬ್ಬಿಸಬಾರದು ಎಂಬುದು ಮನೆಯ ಕಾನೂನು. ಹತ್ತು ಗಂಟೆಗೆ ನೀರ್ ದೋಸೆ, ಮೀನು ಸಾರು. ಜುಮಾಕ್ಕೆ ಹೋಗಿ ಬಂದ ಮೇಲೆ ಬಿರಿಯಾನಿ. ಊಟವಾದ ಮೇಲೆ ಊರಿಗೆ ಫೋನು. ಆ ಫೋನಿನಲ್ಲಿ ಅಜ್ಜಿಗೆ ಸಲಾಂ ಹೇಳಲು ನಾವು ಸಾಲಾಗಿ ನಿಲ್ಲಬೇಕು. ಅಸರ್ ನಮಾಝ್ ಆದ ಮೇಲೆ ಹೊರಡುವುದು.

ಹೊರಡುವಾಗ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಚಾಪೆ, ಚಹಾದ ಫ್ಲಾಸ್ಕು, ಡಬ್ಬಿಯಲ್ಲಿ ಸಮೋಸ, ನೀರಿನ ಬಾಟಲಿಗಳು, ಒಂದು ಚೆಂಡು. ಹೆಚ್ಚಿನ ಸಲ ಹೋಗುತ್ತಿದ್ದದ್ದು ದಮ್ಮಾಮಿನ ಕಾರ್ನಿಶ್‌ಗೆ. ಸಮುದ್ರದ ಬದಿಯಲ್ಲಿ ಉದ್ದಕ್ಕೂ ಹುಲ್ಲು ಹಾಸು ಮತ್ತು ನಡೆಯುವ ದಾರಿ ಮಾಡಿರುವ ಜಾಗವದು. ಅಲ್ಲೇ ಸಮುದ್ರ ತುಂಬಿಸಿ ಮಾಡಿದ ಮರ್ಜಾನ್ ದ್ವೀಪವಿದೆ, ರಸ್ತೆಯ ಮೂಲಕ ಕಾರಿನಲ್ಲೇ ಹೋಗಬಹುದು. ಇವೆಲ್ಲಕ್ಕೂ ಟಿಕೆಟ್ ಇಲ್ಲ. ಉಪ್ಪ ಇವನ್ನೇ ಏಕೆ ಆರಿಸುತ್ತಿದ್ದರು ಎಂಬುದು ಆಗ ನಮಗೆ ಹೊಳೆದಿರಲಿಲ್ಲ.

ಸಮಯವನ್ನು ನಮಾಝಿನ ಮೇಲೆ ಲೆಕ್ಕ ಹಾಕುತ್ತಿದ್ದರು. ಆ ದಿನಗಳಲ್ಲಿ ಬಾಂಗ್ ಆದ ಕೂಡಲೇ ಅಂಗಡಿ, ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ಮಗ್ರಿಬ್ ಮತ್ತು ಇಶಾದ ನಡುವೆ ಇರುವುದು ಒಂದೂವರೆ ಗಂಟೆ. ಅಷ್ಟರೊಳಗೆ ವಾರದ ಸಾಮಾನು ತರಬೇಕು. ಹೋಟೆಲುಗಳಲ್ಲಿ ಕುಟುಂಬದವರಿಗೆ ಬೇರೆ ಬಾಗಿಲು, ಒಂಟಿ ಗಂಡಸರಿಗೆ ಬೇರೆ ಬಾಗಿಲು ಇರುತ್ತಿತ್ತು. ಈ ನಿಯಮವನ್ನು 2019ರ ಡಿಸೆಂಬರಿನಲ್ಲಿ ಸಡಿಲಿಸಿದರು. ಕುಟುಂಬದ ಕಡೆ ಪರದೆ ಹಾಕಿದ ಸಣ್ಣ ಸಣ್ಣ ಕೋಣೆಗಳು. ಅಲ್ಲಿ ಕುಳಿತು ಒಂದು ದೊಡ್ಡ ತಟ್ಟೆ ಬುಖಾರಿ ಅನ್ನ ಮತ್ತು ಒಂದು ಕೋಳಿಯನ್ನು ಐವರು ಹಂಚಿಕೊಳ್ಳುತ್ತಿದ್ದೆವು. ಅದೂ ತಿಂಗಳಿಗೆ ಒಂದು ಸಲ, ಸಂಬಳದ ವಾರ.

ಬಿಸಿಲೇ ಕ್ಯಾಲೆಂಡರು

ಅಲ್ಲಿ ತಿರುಗಾಟವನ್ನು ನಿರ್ಧರಿಸುವುದು ಹವಾಮಾನ. ಬೇಸಗೆಯಲ್ಲಿ ಪೂರ್ವ ಕರಾವಳಿಯಲ್ಲಿ ಉಷ್ಣಾಂಶ 45 ಡಿಗ್ರಿ ದಾಟುತ್ತದೆ. ಸಮುದ್ರದ ತೇವ ಬೇರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆಯ ತನಕ ಹೊರಗಿನ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮವೇ ಇದೆ. ಆ ತಿಂಗಳುಗಳಲ್ಲಿ ನಾವು ಇಶಾ ಆದ ಮೇಲೆ ಹೊರಟು ಮಧ್ಯರಾತ್ರಿ ಬರುತ್ತಿದ್ದೆವು. ರಾತ್ರಿ ಹನ್ನೊಂದಕ್ಕೆ ಮಕ್ಕಳು ಜೋಕಾಲಿ ಆಡುವುದು ಅಲ್ಲಿ ಆಶ್ಚರ್ಯವಲ್ಲ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಎಲ್ಲ ತಿರುಗುಮುರುಗು. ಸ್ವೆಟರ್ ಹಾಕಿಕೊಂಡು ಬೆಳಿಗ್ಗೆಯೇ ಹೊರಡಬಹುದು. ಖೋಬರಿನ ದಕ್ಷಿಣಕ್ಕಿರುವ ಹಾಫ್ ಮೂನ್ ಬೇ ಎಂಬ ಕಡಲ ತೀರಕ್ಕೆ ನಾಲ್ಕೈದು ಕುಟುಂಬಗಳು ಸೇರಿ ಹೋಗುತ್ತಿದ್ದೆವು. ಅಲ್ಲಿಯ ಸಮುದ್ರ ನಮ್ಮ ಉಳ್ಳಾಲದ ಸಮುದ್ರದಂತಲ್ಲ. ಆ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಮೂರು ಕಡೆ ನೆಲ ಸುತ್ತುವರಿದಿರುವುದರಿಂದ ದೊಡ್ಡ ತೆರೆಗಳು ಏಳುವುದಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತಾ ಇರುವುದರಿಂದ ಉಪ್ಪು ಜಾಸ್ತಿ. ಸೊಂಟದುದ್ದ ನೀರಿನಲ್ಲಿ ಬಹಳ ದೂರ ನಡೆದು ಹೋಗಬಹುದು. ಸಮುದ್ರವೆಂದರೆ ಹೀಗೇ ಎಂದು ತಿಳಿದಿದ್ದ ನಾನು ಊರಿಗೆ ಬಂದು ಮಳೆಗಾಲದಲ್ಲಿ ಉಳ್ಳಾಲದ ತೆರೆ ನೋಡಿ ಉಮ್ಮನ ಹಿಂದೆ ಅಡಗಿದ್ದೆ.

ವರ್ಷಕ್ಕೊಮ್ಮೆ ಅಲ್ ಅಹ್ಸಾಕ್ಕೆ ಹೋಗುತ್ತಿದ್ದೆವು. ದಮ್ಮಾಮಿನಿಂದ ಸುಮಾರು 150 ಕಿಲೋಮೀಟರ್. ಮರಳಿನ ನಡುವೆ ಒಮ್ಮೆಲೇ ಖರ್ಜೂರದ ತೋಟಗಳು ಶುರುವಾಗುತ್ತವೆ. ಸುಮಾರು 25 ಲಕ್ಷ ಖರ್ಜೂರದ ಮರಗಳಿರುವ ಇದು ಜಗತ್ತಿನ ಅತಿ ದೊಡ್ಡ ಓಯಸಿಸ್. 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿರುವ ಅಲ್ ಖಾರಾ ಬೆಟ್ಟದ ಗುಹೆಗಳ ಒಳಗೆ ಸೆಕೆಗಾಲದಲ್ಲೂ ತಂಪು. ಉಮ್ಮ ಆ ತೋಟಗಳನ್ನು ನೋಡಿ ಯಾವಾಗಲೂ ಹೇಳುತ್ತಿದ್ದ ಮಾತು ಒಂದೇ, "ನಮ್ಮ ಅಡಿಕೆ ತೋಟದ ಹಾಗೆ ಉಂಟಲ್ಲ."

ಇನ್ನೊಂದು ಪ್ರಯಾಣ ಉಮ್ರಾ. ಊರಿನಲ್ಲಿ ಜೀವಮಾನದಲ್ಲಿ ಒಮ್ಮೆ ಹೋಗಲು ಹಣ ಕೂಡಿಡುತ್ತಾರೆ. ಅಲ್ಲಿರುವವರಿಗೆ ಅದು ಬಸ್ಸಿನಲ್ಲಿ ವಾರಾಂತ್ಯಕ್ಕೆ ಹೋಗಿ ಬರಬಹುದಾದ ದಾರಿ. ದಮ್ಮಾಮಿನಿಂದ ಮಕ್ಕಾಕ್ಕೆ 1,200 ಕಿಲೋಮೀಟರಿಗಿಂತ ಹೆಚ್ಚು. ಉಪ್ಪ ಶನಿವಾರಕ್ಕೊಂದು ರಜೆ ಪಡೆದರೆ ಗುರುವಾರ ಸಂಜೆ ಹೊರಡುವ ಬಸ್ಸು. ರಾತ್ರಿಯಿಡೀ ಓಡಿ, ತಾಯಿಫ್ ಸಮೀಪದ ಮೀಖಾತಿನಲ್ಲಿ ಇಹ್ರಾಂ ಧರಿಸಿ ಮುಂದೆ ಹೋಗುವುದು. ನಾನು ಎರಡು ಸಲ ಹೋಗಿದ್ದೇನೆ. ಎರಡನೇ ಸಲ ನನಗೆ ಹತ್ತು ವರ್ಷ. ತವಾಫಿನ ಜನಸಂದಣಿಯಲ್ಲಿ ಉಪ್ಪ ನನ್ನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬೆರಳಿನ ಗುರುತು ಮೂಡಿತ್ತು.

ಲೆಕ್ಕ ಬದಲಾದದ್ದು

ಮೊದಲು ಪೆಟ್ರೋಲು ಅಗ್ಗ. 2016 ಮತ್ತು 2017ರಲ್ಲಿ ಸಾಮಾನ್ಯ ಪೆಟ್ರೋಲು ಲೀಟರಿಗೆ ಮುಕ್ಕಾಲು ರಿಯಾಲು. 2018ರ ಜನವರಿಯಲ್ಲಿ ಅದು 1.37 ರಿಯಾಲಿಗೆ ಏರಿತು. ಅದೇ ತಿಂಗಳು ಶೇ. 5ರಷ್ಟು ಮೌಲ್ಯವರ್ಧಿತ ತೆರಿಗೆ ಬಂತು. ಇವೆರಡನ್ನೂ ಹೇಗೋ ಸುಧಾರಿಸಬಹುದಿತ್ತು.

ನಿಜವಾಗಿ ಕುಟುಂಬಗಳ ಲೆಕ್ಕ ತಪ್ಪಿಸಿದ್ದು ಅವಲಂಬಿತರ ಶುಲ್ಕ. 2017ರ ಜುಲೈಯಿಂದ ವಿದೇಶೀಯರ ಹೆಂಡತಿ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೆ 100 ರಿಯಾಲು ಕಟ್ಟಬೇಕಾಯಿತು. 2018ರ ಜುಲೈಯಿಂದ 200, 2019ರಿಂದ 300, 2020ರಿಂದ 400 ಎಂದು ಮೊದಲೇ ಘೋಷಿಸಿದ್ದರು. ಇಕಾಮಾ ನವೀಕರಿಸುವಾಗ ಇದನ್ನು ಮುಂಗಡವಾಗಿ ಕಟ್ಟಬೇಕು. ತೈಲವಲ್ಲದ ಮೂಲಗಳಿಂದ ಆದಾಯ ಹೆಚ್ಚಿಸಿಕೊಳ್ಳಲು ಆ ದೇಶ ತೆಗೆದುಕೊಂಡ ಕ್ರಮಗಳಲ್ಲಿ ಇದೂ ಒಂದು. ನಾವು ನಾಲ್ವರು ಅವಲಂಬಿತರು. ಮೊದಲ ವರ್ಷದ ದರದಲ್ಲಿ ವರ್ಷಕ್ಕೆ 4,800 ರಿಯಾಲು. 400ರ ದರಕ್ಕೆ ಬಂದಾಗ 19,200 ರಿಯಾಲು, ಅಂದರೆ ಮೂರೂವರೆ ಲಕ್ಷ ರೂಪಾಯಿಗೂ ಹೆಚ್ಚು. ಅದರ ಮೇಲೆ ಬಾಡಿಗೆ, ಶಾಲೆಯ ಫೀಸು.

ಉಪ್ಪ ಒಂದು ಶುಕ್ರವಾರ ಬೆಳಿಗ್ಗೆ ಮಲಗದೆ ಅಣ್ಣನ ಹಳೆಯ ನೋಟುಪುಸ್ತಕದಲ್ಲಿ ಈ ಲೆಕ್ಕ ಬರೆಯುತ್ತಾ ಕುಳಿತಿದ್ದರು. ಆ ಪುಟ ಇನ್ನೂ ಉಮ್ಮನ ಕಪಾಟಿನಲ್ಲಿದೆ. ನಮ್ಮ ಕಟ್ಟಡದಲ್ಲಿ ಒಂದೊಂದೇ ಮನೆ ಖಾಲಿಯಾಗುತ್ತಾ ಬಂತು. ಶಾಲೆಯಲ್ಲಿ ನಮ್ಮ ತರಗತಿಯ ಬೆಂಚುಗಳು ಖಾಲಿಯಾದವು. 2019ರ ಮಾರ್ಚಿನಲ್ಲಿ ಪರೀಕ್ಷೆ ಮುಗಿದ ಮೇಲೆ ನಮ್ಮ ಪಾಸ್‌ಪೋರ್ಟಿಗೂ 'ಎಕ್ಸಿಟ್' ಆಯಿತು. ಅದಕ್ಕಿಂತ ಮೊದಲಿನ ಶುಕ್ರವಾರ ಎಲ್ಲಿಗೆ ಹೋಗುವ ಎಂದು ಉಪ್ಪ ಕೇಳಿದರು. ನಾವು ಮೂವರೂ ಕಾರ್ನಿಶ್ ಎಂದೆವು.

ಆಚೆ ಕಡೆ ಕುಳಿತವರು

ಕಾರ್ನಿಶ್‌ನಲ್ಲಿ ನಾವು ಚಾಪೆ ಹಾಸಿ ಕುಳಿತಾಗ ಸ್ವಲ್ಪ ದೂರದ ಕಲ್ಲುಗಳ ಮೇಲೆ ಗಂಡಸರು ಒಬ್ಬೊಬ್ಬರೇ ಫೋನು ಹಿಡಿದು ಕುಳಿತಿರುತ್ತಿದ್ದರು. ಕೆಲವು ಪಾರ್ಕುಗಳ ಬಾಗಿಲಲ್ಲಿ 'ಕುಟುಂಬಗಳಿಗೆ ಮಾತ್ರ' ಎಂಬ ಫಲಕ ಇರುತ್ತಿತ್ತು, ಅಲ್ಲಿ ಅವರಿಗೆ ಪ್ರವೇಶವಿಲ್ಲ. ಶುಕ್ರವಾರ ಅವರು ಸೇರುವುದು ದಮ್ಮಾಮಿನ ಸೀಕೋ ಪರಿಸರ, ರಿಯಾದಿನ ಬತ್‌ಹಾ ಮುಂತಾದ ಪೇಟೆಗಳಲ್ಲಿ. ಊರಿನವರು ಸಿಗುತ್ತಾರೆ, ಚಹಾ ಕುಡಿಯುತ್ತಾರೆ, ಮತ್ತೆ ರೂಮಿಗೆ ಹೋಗಿ ವಾರದ ಬಟ್ಟೆ ಒಗೆಯುತ್ತಾರೆ. ನನ್ನ ತಮ್ಮ ಒಮ್ಮೆ ಉಪ್ಪನಲ್ಲಿ, "ಅವರ ಮಕ್ಕಳು ಎಲ್ಲಿ?" ಎಂದು ಕೇಳಿದ್ದ. "ಊರಿನಲ್ಲಿ" ಎಂದು ಹೇಳಿ ಉಪ್ಪ ಸುಮ್ಮನಾದರು. ಬರುವಾಗ ಉಳಿದ ಸಮೋಸಗಳನ್ನು ಕೊಟ್ಟು ಬಾ ಎಂದು ಅಣ್ಣನನ್ನು ಕಳುಹಿಸಿದರು.

ಈಗ ಉಪ್ಪ ಅದೇ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತಾರೆ. ಫ್ಲ್ಯಾಟು ಬಿಟ್ಟು ನಾಲ್ವರಿರುವ ರೂಮಿಗೆ ಹೋದರು, ಕಾರು ಮಾರಿದರು. ಅಲ್ಲಿ ಉಳಿಸಿದ ಹಣದಿಂದಲೇ ಅಣ್ಣ ಎಂಜಿನಿಯರಿಂಗ್ ಓದುತ್ತಿದ್ದಾನೆ, ನಾನು ಈ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಅವರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಆ ನೋಟುಪುಸ್ತಕದ ಲೆಕ್ಕವನ್ನು ನಾನೇ ಮಾಡಿದ್ದರೂ ಉತ್ತರ ಅದೇ ಬರುತ್ತಿತ್ತು. ಆದರೆ ಲೆಕ್ಕದಲ್ಲಿ ಶುಕ್ರವಾರಕ್ಕೆ ಬೆಲೆ ಬರೆಯುವ ಕಾಲಂ ಇರಲಿಲ್ಲ, ಅಷ್ಟೆ.

ಗೆಳತಿಯರು ಕೇಳಿದ ಪ್ರಶ್ನೆಗೆ ಈಗ ನನ್ನ ಉತ್ತರ ಇದು. ನಾವು ದೊಡ್ಡ ದೊಡ್ಡ ಜಾಗಗಳಿಗೆ ಹೋದದ್ದು ಕಡಿಮೆ. ಉಪ್ಪ ಇರುವ ಜಾಗಕ್ಕೆ ಹೋಗುತ್ತಿದ್ದೆವು. ನಿಮ್ಮ ಮನೆಯವರೂ ಗಲ್ಫಿನಲ್ಲಿದ್ದರೆ ಒಂದು ಮಾತು. ಶುಕ್ರವಾರ ಅವರ ಫೋನು ಬಂದಾಗ "ಆಮೇಲೆ ಮಾಡಿ, ಓದ್ಲಿಕ್ಕುಂಟು" ಎನ್ನಬೇಡಿ. ನಾನೂ ಹಾಗೆ ಹೇಳಿದವಳೇ, ಅದಕ್ಕೇ ಹೇಳುತ್ತಿದ್ದೇನೆ. ಅವರಿಗೆ ಅದು ವಾರದ ತಿರುಗಾಟ.

ಸೌದಿಯ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಉಪ್ಪನ ಫೋನು ನಮಗೆ ಬರುವುದು ಸಂಜೆ ಆರೂವರೆಗೆ. ಅಲ್ಲಿ ಆಗ ನಾಲ್ಕು ಗಂಟೆ. ಅಸರ್ ಮುಗಿಸಿ ನಾವೆಲ್ಲ ಚಾಪೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ ಹೊತ್ತು.