ಎರಡು ಅಡಾಪ್ಟರ್‌ಗಳ ಮೂಲಕ ಸ್ಥಿರ ದೂರವಾಣಿ ಹಂಚಿಕೆ

ಸ್ಥಿರ ದೂರವಾಣಿ ಹಂಚಿಕೆ ಎಂಬುದು ಒಂದು ಮನೆಗೆ ಬಂದಿರುವ ದೂರವಾಣಿ ತಂತಿಯನ್ನು ಅಂತರಜಾಲದ ಮೂಲಕ ಮತ್ತೊಂದು ಮನೆಯಿಂದಲೂ ಬಳಸಲು ಅನುವು ಮಾಡಿಕೊಡುವ ವ್ಯವಸ್ಥೆ. ಇದಕ್ಕೆ ಎರಡು ಅಂತರಜಾಲ ದೂರವಾಣಿ ಅಡಾಪ್ಟರ್‌ಗಳು ಸಾಕು. ನಡುವೆ ಗಣಕಯಂತ್ರ ಬೇಕಿಲ್ಲ. ತಂತಿ ಇರುವ ಮನೆಯನ್ನು ಈ ಲೇಖನದಲ್ಲಿ ‘ಮೊದಲ ಮನೆ’ ಎಂದೂ ಅದನ್ನು ದೂರದಿಂದ ಬಳಸುವ ಮನೆಯನ್ನು ‘ಎರಡನೆಯ ಮನೆ’ ಎಂದೂ ಕರೆಯಲಾಗಿದೆ. ಎರಡನೆಯ ಮನೆಯವರು ರಿಸೀವರ್ ಎತ್ತಿ ಸಂಖ್ಯೆ ಒತ್ತಿದಾಗ ಕರೆಯು ಮೊದಲ ಮನೆಯ ಸಂಖ್ಯೆಯಿಂದಲೇ ಹೊರಡುತ್ತದೆ. ತಂತಿ ಒಂದೇ ಆದ್ದರಿಂದ ಒಮ್ಮೆಗೆ ಒಂದೇ ಕರೆ ಸಾಧ್ಯ.

ಎರಡು ಬಗೆಯ ಪೋರ್ಟ್‌ಗಳು

ಈ ವ್ಯವಸ್ಥೆಯ ತಿರುಳು ಎಫ್‌ಎಕ್ಸ್‌ಎಸ್ ಮತ್ತು ಎಫ್‌ಎಕ್ಸ್‌ಒ ಎಂಬ ಎರಡು ಪೋರ್ಟ್‌ಗಳ ವ್ಯತ್ಯಾಸದಲ್ಲಿದೆ. ಎಫ್‌ಎಕ್ಸ್‌ಎಸ್ ಪೋರ್ಟ್ ದೂರವಾಣಿ ವಿನಿಮಯ ಕೇಂದ್ರದ ಪಾತ್ರ ವಹಿಸುತ್ತದೆ: ತನಗೆ ಜೋಡಿಸಿದ ಫೋನಿಗೆ ವಿದ್ಯುತ್ ಒದಗಿಸುತ್ತದೆ, ಡಯಲ್ ಟೋನ್ ಕೇಳಿಸುತ್ತದೆ, ಗಂಟೆ ಬಾರಿಸುತ್ತದೆ. ಎಫ್‌ಎಕ್ಸ್‌ಒ ಪೋರ್ಟ್ ಇದಕ್ಕೆ ವಿರುದ್ಧವಾಗಿ ಫೋನಿನ ಪಾತ್ರ ವಹಿಸುತ್ತದೆ. ವಿನಿಮಯ ಕೇಂದ್ರದಿಂದ ಬಂದ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಅದು ಮನುಷ್ಯನಂತೆಯೇ ‘ರಿಸೀವರ್ ಎತ್ತಿ’, ಸಂಖ್ಯೆ ಒತ್ತಿ, ಕೊನೆಗೆ ಕೆಳಗಿಡುತ್ತದೆ.

ಮೊದಲ ಮನೆಯ ಸಾಧನದಲ್ಲಿ ಎಫ್‌ಎಕ್ಸ್‌ಒ ಪೋರ್ಟ್ ಇರಲೇಬೇಕು. ಎರಡನೆಯ ಮನೆಗೆ ಎಫ್‌ಎಕ್ಸ್‌ಎಸ್ ಮಾತ್ರವಿರುವ ಅಗ್ಗದ ಸಾಧನವೂ ನಡೆಯುತ್ತದೆ. ಎರಡೂ ಪೋರ್ಟ್‌ಗಳ ಕಿಂಡಿ ನೋಡಲು ಒಂದೇ ರೀತಿ ಇರುವುದರಿಂದ ಹೊಸಬರು ಹೊರಗಿನ ತಂತಿಯನ್ನು ಎಫ್‌ಎಕ್ಸ್‌ಎಸ್‌ಗೆ ಸಿಕ್ಕಿಸುವುದುಂಟು. ಆಗ ಎರಡು ಕಡೆಯಿಂದಲೂ ವಿದ್ಯುತ್ ಹರಿದು, ಗಂಟೆಯ ಹೆಚ್ಚಿನ ವೋಲ್ಟೇಜ್ ಬಂದೊಡನೆ ಪೋರ್ಟ್ ಸುಟ್ಟುಹೋಗಬಹುದು.

ಸಾಧನಗಳು

ಮನೆಬಳಕೆಗೆ ಈ ಎರಡೂ ಪೋರ್ಟ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ನೀಡಿ ಹೆಸರಾದದ್ದು ಅಮೆರಿಕದ ಸಿಪುರಾ ಕಂಪನಿಯ ಎಸ್‌ಪಿಎ-3000. ಸಿಪುರಾವನ್ನು 2005ರಲ್ಲಿ ಸಿಸ್ಕೊ ಖರೀದಿಸಿತು; ಬಳಿಕ ಅದೇ ವಂಶದ ಎಸ್‌ಪಿಎ-3102 ಲಿಂಕ್‌ಸಿಸ್ ಹೆಸರಿನಲ್ಲಿ ಬಂದಿತು. ಮುಂದೆ ಒಬಿಹೈ ಕಂಪನಿಯ ಓಬಿ-110 ಇದೇ ಕೆಲಸವನ್ನು ಸುಲಭಗೊಳಿಸಿತು. ಅದರಲ್ಲಿ ಪ್ರತಿ ಸಾಧನಕ್ಕೂ ಸ್ವಂತ ಸಂಖ್ಯೆಯಿದ್ದು, ಎರಡು ಸಾಧನಗಳನ್ನು ಕಂಪನಿಯ ಸರ್ವರ್ ತಾನೇ ಬೆಸೆಯುತ್ತಿತ್ತು. ಅನುಕೂಲವೇನೋ ನಿಜ, ಆದರೆ ಇಂತಹ ಬೆಸುಗೆ ಆ ಸರ್ವರ್ ಇರುವಷ್ಟು ದಿನ ಮಾತ್ರ.

ಜೋಡಣೆ

ಎರಡೂ ಸಾಧನಗಳು ಎಸ್‌ಐಪಿ ಎಂಬ ಸಂಜ್ಞಾ ನಿಯಮಾವಳಿಯಲ್ಲಿ ಮಾತನಾಡುತ್ತವೆ. ಎಸ್‌ಪಿಎ-3102ರಲ್ಲಿ ಫೋನಿನ ಬದಿಗೆ 5060, ತಂತಿಯ ಬದಿಗೆ 5061 ಎಂಬ ಪೋರ್ಟ್ ಸಂಖ್ಯೆಗಳು ಮೊದಲೇ ನಿಗದಿಯಾಗಿರುತ್ತವೆ. ಎರಡನೆಯ ಮನೆಯ ಸಾಧನದ ಡಯಲ್ ಪ್ಲಾನ್‌ನಲ್ಲಿ, ಒತ್ತಿದ ಸಂಖ್ಯೆಯನ್ನು ಮೊದಲ ಮನೆಯ ಐಪಿ ವಿಳಾಸದ 5061ಕ್ಕೆ ಕಳುಹಿಸಬೇಕೆಂದು ಬರೆದರೆ ಹೊರಹೋಗುವ ಕರೆಯ ಮುಖ್ಯ ಕೆಲಸ ಮುಗಿಯಿತು. ಒಂದೇ ಕಟ್ಟಡದ ಎರಡು ಕೋಣೆಗಳ ನಡುವೆ ಇದು ನಿಮಿಷಗಳ ಕೆಲಸ.

ಬೇರೆ ಬೇರೆ ಮನೆಗಳಾದರೆ ರೂಟರ್ ಅಡ್ಡ ಬರುತ್ತದೆ. ಮನೆಯ ಅಂತರಜಾಲ ವಿಳಾಸ ಆಗಾಗ ಬದಲಾಗುವುದರಿಂದ ಡೈನಮಿಕ್ ಡಿಎನ್‌ಎಸ್ ಹೆಸರು ಬೇಕಾಗುತ್ತದೆ. ಸಂಜ್ಞೆಗೂ ಧ್ವನಿಗೂ ಬೇಕಾದ ಪೋರ್ಟ್‌ಗಳನ್ನು ರೂಟರ್‌ನಲ್ಲಿ ತೆರೆಯಬೇಕಾಗುತ್ತದೆ. ಗಂಟೆ ಬಾರಿಸಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಿದ್ದರೆ ಸಾಮಾನ್ಯವಾಗಿ ಧ್ವನಿಯ ಪೋರ್ಟ್ ಮುಚ್ಚಿರುತ್ತದೆ. ಸೇವಾದಾರರು ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿದ್ದಲ್ಲಿ ನೇರ ಜೋಡಣೆ ಕೈಗೂಡುವುದಿಲ್ಲ. ಆಗ ಎರಡೂ ಸಾಧನಗಳನ್ನು ಹೊರಗಿನ ಒಂದು ಎಸ್‌ಐಪಿ ಸರ್ವರ್‌ಗೆ ನೋಂದಾಯಿಸುವುದು ರೂಢಿ.

ಧ್ವನಿಗೆ ಬೇಕಾದ ಸಾಮರ್ಥ್ಯ ಹೆಚ್ಚಲ್ಲ. ಜಿ.711 ಸಂಕೇತನದಲ್ಲಿ ಧ್ವನಿಯದೇ ಪ್ರಮಾಣ ಸೆಕೆಂಡಿಗೆ 64 ಕಿಲೋಬಿಟ್. 20 ಮಿಲಿಸೆಕೆಂಡಿನ ಪೊಟ್ಟಣಗಳ ವಿಳಾಸಭಾಗ ಸೇರಿ ಪ್ರತಿ ದಿಕ್ಕಿಗೆ 80 ಆಗುತ್ತದೆ. ಜಿ.729ರಲ್ಲಿ ಇದು 24ಕ್ಕೆ ಇಳಿಯುತ್ತದೆ.

ಕರೆ ಮುಗಿದದ್ದನ್ನು ಅರಿಯುವುದು

ಜೋಡಣೆಗಿಂತ ಹೆಚ್ಚು ಕಾಡುವುದು ಕರೆಯ ಅಂತ್ಯ. ಅಂತರಜಾಲದ ಬದಿಯಲ್ಲಿ ‘ಕರೆ ಮುಗಿಯಿತು’ ಎಂಬ ಸ್ಪಷ್ಟ ಸಂದೇಶವಿದೆ. ತಾಮ್ರದ ತಂತಿಯಲ್ಲಿ ಅಂತಹ ಸಂದೇಶವಿಲ್ಲ. ಆಚೆಯವರು ಫೋನ್ ಇಟ್ಟರೆ ಮನುಷ್ಯ ಟೋನ್ ಕೇಳಿ ತಾನೂ ಇಡುತ್ತಾನೆ. ಯಂತ್ರ ಇಡದಿದ್ದರೆ ತಂತಿ ಗಂಟೆಗಟ್ಟಲೆ ‘ಎತ್ತಿದ’ ಸ್ಥಿತಿಯಲ್ಲೇ ಉಳಿದು ಎರಡೂ ಮನೆಗಳಿಗೆ ಫೋನ್ ಇಲ್ಲದಂತಾಗುತ್ತದೆ.

ಅಮೆರಿಕದ ಅನೇಕ ವಿನಿಮಯ ಕೇಂದ್ರಗಳು ಕರೆ ಮುಗಿದಾಗ ತಂತಿಯ ವಿದ್ಯುತ್ತನ್ನು ಕ್ಷಣಕಾಲ ಕಡಿತಗೊಳಿಸುತ್ತವೆ. ಅಡಾಪ್ಟರ್ ಅದನ್ನು ಗುರುತಿಸಿ ಬಿಟ್ಟುಕೊಡುತ್ತದೆ. ಉಳಿದೆಡೆ ಟೋನ್ ಆಲಿಸಿಯೇ ತಿಳಿಯಬೇಕು, ಮತ್ತು ಆ ಟೋನ್ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಬ್ಯುಸಿ ಟೋನ್ 480 ಮತ್ತು 620 ಹರ್ಟ್ಸ್‌ಗಳ ಮಿಶ್ರಣ, ಅರ್ಧ ಸೆಕೆಂಡಿಗೊಮ್ಮೆ ನಿಂತು ಮೊಳಗುತ್ತದೆ. ಭಾರತದ್ದು 400 ಹರ್ಟ್ಸ್, 0.75 ಸೆಕೆಂಡಿನ ಲಯ. ಅಮೆರಿಕದಿಂದ ತಂದ ಸಾಧನದಲ್ಲಿ ಈ ಅಂಕಿಗಳನ್ನು ಬದಲಿಸದಿದ್ದರೆ ಅದು ಟೋನನ್ನು ಕೇಳಿಯೂ ಗುರುತಿಸದು.

ಇದೇ ಕಾರಣಕ್ಕೆ, ಹೊರಹೋಗುವ ಕರೆಯನ್ನು ಆಚೆಯವರು ನಿಜವಾಗಿ ಎತ್ತಿದರೇ ಎಂಬುದೂ ಮೊದಲ ಮನೆಯ ಸಾಧನಕ್ಕೆ ಸಾಮಾನ್ಯವಾಗಿ ತಿಳಿಯದು. ಸಂಖ್ಯೆ ಒತ್ತಿದ ಕೂಡಲೇ ಅದು ಎರಡನೆಯ ಮನೆಗೆ ‘ಉತ್ತರಿಸಲಾಗಿದೆ’ ಎಂದು ವರದಿ ಮಾಡುತ್ತದೆ. ಒಳಬರುವ ಕರೆಯಲ್ಲೂ ಒಂದು ತೊಡಕಿದೆ: ಅಮೆರಿಕದಲ್ಲಿ ಕರೆ ಮಾಡಿದವರ ಸಂಖ್ಯೆ ಮೊದಲ ಹಾಗೂ ಎರಡನೆಯ ಗಂಟೆಗಳ ನಡುವೆ ಬರುವುದರಿಂದ, ಆ ಸಂಖ್ಯೆ ಎರಡನೆಯ ಮನೆಯಲ್ಲೂ ಕಾಣಬೇಕಾದರೆ ಸಾಧನ ಅಷ್ಟು ಹೊತ್ತು ಕಾಯಬೇಕು.

ಪ್ರತಿಧ್ವನಿ

ತಾಮ್ರದ ಎರಡೇ ಎಳೆಗಳಲ್ಲಿ ಹೋಗುವ ಮಾತೂ ಬರುವ ಮಾತೂ ಸಾಗುತ್ತವೆ. ಅಂತರಜಾಲದಲ್ಲಿ ಅವು ಪ್ರತ್ಯೇಕ. ಇವೆರಡರ ಸಂಧಿಯಲ್ಲಿ ಪ್ರತಿರೋಧ ಹೊಂದದಿದ್ದರೆ ಮಾತಿನ ಒಂದು ಪಾಲು ಹಿಂದಿರುಗುತ್ತದೆ. ಸಾಮಾನ್ಯ ಫೋನಿನಲ್ಲಿಯೂ ಹೀಗಾಗುತ್ತದೆ, ವಿಳಂಬವಿಲ್ಲದ್ದರಿಂದ ಕಿವಿಗೆ ಬೀಳುವುದಿಲ್ಲ. ಅಂತರಜಾಲದ ವಿಳಂಬ ಸೇರಿದಾಗ ಎರಡನೆಯ ಮನೆಯವರಿಗೆ ತಮ್ಮದೇ ಮಾತು ಮರಳಿ ಕೇಳಿಸುತ್ತದೆ. ಎಫ್‌ಎಕ್ಸ್‌ಒ ಪೋರ್ಟಿನ ಪ್ರತಿರೋಧವನ್ನು ಆ ದೇಶದ ತಂತಿಗೆ ತಕ್ಕಂತೆ ಬದಲಿಸಿ, ಧ್ವನಿಯ ಮಟ್ಟವನ್ನು ತುಸು ತಗ್ಗಿಸುವುದು ಮೊದಲ ಪರಿಹಾರ.

ಅಪಾಯಗಳು

ತೆರೆದ 5060, 5061 ಪೋರ್ಟ್‌ಗಳನ್ನು ಹುಡುಕುವ ಸ್ವಯಂಚಾಲಿತ ತಂತ್ರಾಂಶಗಳು ಅಂತರಜಾಲದಲ್ಲಿ ಸದಾ ಅಲೆಯುತ್ತಿರುತ್ತವೆ. ಗುಪ್ತಸಂಖ್ಯೆಯಿಲ್ಲದ ಎಫ್‌ಎಕ್ಸ್‌ಒ ಸಿಕ್ಕರೆ ಅಪರಿಚಿತರು ಅದರ ಮೂಲಕ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಮಾಡುತ್ತಾರೆ, ಬಿಲ್ಲು ಮೊದಲ ಮನೆಗೆ ಬರುತ್ತದೆ. ಎರಡನೆಯ ಮನೆಯ ವಿಳಾಸದಿಂದ ಬಂದ ಕರೆಗೆ ಮಾತ್ರ ಅನುಮತಿ ನೀಡಿ, ವಿದೇಶಿ ಕರೆಗಳನ್ನು ಡಯಲ್ ಪ್ಲಾನ್‌ನಲ್ಲೇ ತಡೆಯಬೇಕು.

ಇನ್ನೂ ಗಂಭೀರವಾದದ್ದು ತುರ್ತು ಕರೆ. ಎರಡನೆಯ ಮನೆಯಿಂದ ಅಮೆರಿಕದ 911ಕ್ಕೆ ಕರೆ ಹೋದರೆ ಕೇಂದ್ರದವರ ಪರದೆಯಲ್ಲಿ ಮೂಡುವುದು ತಂತಿಯ ವಿಳಾಸ, ಅಂದರೆ ಮೊದಲ ಮನೆಯದು. ಮಾತನಾಡಲಾಗದ ರೋಗಿ ಕರೆ ಮಾಡಿದ್ದರೆ ಆಂಬ್ಯುಲೆನ್ಸ್ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಎರಡನೆಯ ಮನೆಯಲ್ಲಿ ತುರ್ತು ಸಂಖ್ಯೆಯನ್ನು ಈ ತಂತಿಗೆ ಕಳುಹಿಸದೆ, ಮೊಬೈಲ್‌ನಿಂದಲೇ ಕರೆ ಮಾಡುವಂತೆ ಮನೆಯವರಿಗೆಲ್ಲ ತಿಳಿಸಿರಬೇಕು. ವಿದ್ಯುತ್ ಹೋದಾಗ ಎಸ್‌ಪಿಎ-3102ರಂತಹ ಸಾಧನಗಳು ತಂತಿಯನ್ನು ಫೋನಿಗೆ ನೇರವಾಗಿ ಜೋಡಿಸುತ್ತವೆ. ಇದರ ಪ್ರಯೋಜನವೂ ಮೊದಲ ಮನೆಗೆ ಮಾತ್ರ.

ಭಾರತದಲ್ಲಿ

ಭಾರತದಲ್ಲಿ ಅಂತರಜಾಲ ದೂರವಾಣಿಗೆ 2002ರ ಏಪ್ರಿಲ್ 1ರಿಂದ ಅವಕಾಶ ದೊರೆಯಿತಾದರೂ, ಅಂತರಜಾಲದಿಂದ ಬಂದ ಕರೆಯನ್ನು ದೇಶದೊಳಗಿನ ಸ್ಥಿರ ಅಥವಾ ಮೊಬೈಲ್ ಸಂಖ್ಯೆಗೆ ಸೇರಿಸಲು ಅನುಮತಿ ಇರಲಿಲ್ಲ. 2018ರಲ್ಲಿ ಸಡಿಲಿಕೆಯಾದರೂ ಅದು ಪರವಾನಗಿ ಪಡೆದ ದೂರವಾಣಿ ಸೇವಾದಾರರಿಗೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಮೈಸೂರಿನ ತಂದೆತಾಯಿಯ ಮನೆಯಲ್ಲಿ ಅಡಾಪ್ಟರ್ ಇಟ್ಟು ಅಲ್ಲಿನ ತಂತಿಯಿಂದ ಊರಿನವರಿಗೆಲ್ಲ ಸ್ಥಳೀಯ ದರದಲ್ಲಿ ಕರೆ ಮಾಡುವುದು ತಾಂತ್ರಿಕವಾಗಿ ಸರಳ. ಆದರೆ ಅದು ಅಂತರರಾಷ್ಟ್ರೀಯ ಕರೆಯನ್ನು ಪರವಾನಗಿಯಿಲ್ಲದೆ ಒಳತರುವ ಕೆಲಸವಾಗುತ್ತದೆ. ಬೆಂಗಳೂರಿನಲ್ಲಿ ಪೊಲೀಸರು ಪತ್ತೆಹಚ್ಚಿದ ಅಕ್ರಮ ವಿನಿಮಯ ಕೇಂದ್ರಗಳು ಇದನ್ನೇ ಸಿಮ್ ಬಾಕ್ಸ್‌ಗಳ ಮೂಲಕ ದೊಡ್ಡ ಪ್ರಮಾಣದಲ್ಲಿ ನಡೆಸುತ್ತಿದ್ದವು. ಹೊರಗಿನ ತಂತಿಯನ್ನು ಸೇರಿಸದೆ ಎರಡು ಅಡಾಪ್ಟರ್‌ಗಳು ಪರಸ್ಪರ ಮಾತ್ರ ಮಾತನಾಡಿಕೊಳ್ಳುವುದಕ್ಕೆ ಈ ನಿರ್ಬಂಧ ತಗಲುವುದಿಲ್ಲ.