ಬಂಡೆಯನ್ನು ಯಾರೂ ಬೆಳೆಸಲಾರರು

ಪೆಂಡಲ್ ಹಿಲ್‌ನಲ್ಲಿರುವ ನಮಗೆ ಪ್ರಾಸ್ಪೆಕ್ಟ್ ಹಿಲ್ ನೆರೆಯ ಗುಡ್ಡ. ಜುರಾಸಿಕ್ ಯುಗದಲ್ಲಿ ಭೂಮಿಯೊಳಗೆ ಉಕ್ಕಿ, ಅಲ್ಲೇ ಹೆಪ್ಪುಗಟ್ಟಿದ ಶಿಲಾರಸ ಅದು. ರಸ್ತೆಗೆ ಜಲ್ಲಿ ಬೇಕೆಂದು ದಶಕಗಟ್ಟಲೆ ಅದನ್ನು ಒಡೆದು ಸಾಗಿಸಿದರು. 2003ರಲ್ಲಿ ಅದು ನ್ಯೂ ಸೌತ್ ವೇಲ್ಸ್ ರಾಜ್ಯದ ಪರಂಪರೆಯ ಪಟ್ಟಿಗೆ ಸೇರಿತು. ಒಡೆದು ಹೋದ ಕಲ್ಲು ಮಾತ್ರ ಹಿಂತಿರುಗಲಿಲ್ಲ. ಮರ ಕಡಿದರೆ ಮತ್ತೊಂದು ನೆಡಬಹುದು, ಬಂಡೆಯನ್ನು ಬೆಳೆಸಲಾದೀತೇ?

ಹಾಗೆಂದು ಕಂಡ ಕಲ್ಲನ್ನೆಲ್ಲ ಕಾಪಾಡಲಾಗದು. ಆದ್ದರಿಂದ ಒಂದು ಶಿಲಾತಾಣದ ಬೆಲೆ ಕಟ್ಟುವಾಗ ಕೆಲವು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಇದು ಹೇಳುವ ಕಥೆ ಬೇರೆಡೆ ಸಿಗುತ್ತದೆಯೇ? ಓದಿ ತಿಳಿಯುವಷ್ಟು ಚೆನ್ನಾಗಿ ಉಳಿದಿದೆಯೇ? ಅಪಾಯ ಯಾವುದರಿಂದ? ಆ ನೆಲದ ಜನರ ಅಭಿಪ್ರಾಯವೇನು? ಜನರನ್ನು ಒಳಬಿಟ್ಟರೆ ತಾಣ ತಾಳೀತೇ?

ಇದಕ್ಕೆ ಒಳ್ಳೆಯ ಉದಾಹರಣೆ ದಕ್ಷಿಣ ಆಸ್ಟ್ರೇಲಿಯಾದ ನಿಲ್ಪೆನಾ. ಅಡಿಲೇಡಿನಿಂದ ಉತ್ತರಕ್ಕೆ, ಫ್ಲಿಂಡರ್ಸ್ ಬೆಟ್ಟಸಾಲಿನ ಪಕ್ಕದ ಒಣನೆಲ. ಅಲ್ಲಿನ ಮರಳುಗಲ್ಲಿನ ಹಾಸುಗಳಲ್ಲಿ ಸುಮಾರು 55 ಕೋಟಿ ವರ್ಷ ಹಿಂದಿನ, ಮೂಳೆಯೂ ಚಿಪ್ಪೂ ಇಲ್ಲದ ಮೆತ್ತನೆಯ ಜೀವಿಗಳ ಅಚ್ಚುಗಳಿವೆ. ಅಚ್ಚು ಮೂಡಿರುವುದು ಹಾಸಿನ ಅಡಿಭಾಗದಲ್ಲಿ. ಸಂಶೋಧಕರು ಒಂದೊಂದೇ ಚಪ್ಪಡಿಯನ್ನು ಮಗುಚಿ, ಮಕ್ಕಳ ಜೋಡಣೆ ಆಟದಂತೆ ಸೇರಿಸಿ, ಬಯಲಿನಲ್ಲೇ ಇಟ್ಟಿದ್ದಾರೆ. ಯಾವ ಜೀವಿ ಯಾವುದರ ಪಕ್ಕದಲ್ಲಿ ಬದುಕಿತ್ತು ಎಂಬುದು ಆಗ ಮಾತ್ರ ತಿಳಿಯುತ್ತದೆ. ಒಂದು ತುಂಡು ಯಾರದೋ ಮನೆಯ ಷೋಕೇಸು ಸೇರಿದರೆ ಆ ಕಥೆಯ ಒಂದು ಪುಟ ಹರಿದಂತೆ. ಈ ನೆಲದ ಮೂಲನಿವಾಸಿಗಳು ಅಡ್ನ್ಯಾಮತನ್ಹಾ ಜನ. 2023ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಸಾರ್ವಜನಿಕರಿಗೆ ತೆರೆದಾಗಲೂ ಪಳೆಯುಳಿಕೆಗಳನ್ನು ಮಾರ್ಗದರ್ಶಿಯ ಜೊತೆಯಲ್ಲೇ ನೋಡಬೇಕೆಂಬ ನಿಯಮವಿಟ್ಟರು.

ನಮ್ಮ ನಾಡಿನಲ್ಲೂ ಇಂಥದ್ದು ಇದೆ. ಚಿತ್ರದುರ್ಗ ಎಂದರೆ ನಮಗೆ ಕೋಟೆ, ಓಬವ್ವ. ಅದೇ ಜಿಲ್ಲೆಯ ಮರಡಿಹಳ್ಳಿಯ ಬಂಡೆಗಳು ದಿಂಬುಗಳನ್ನು ಒಟ್ಟಿದಂತೆ ಕಾಣುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ, ಹೊರಗೆ ಥಟ್ಟನೆ ತಣಿದು ಸಿಪ್ಪೆಗಟ್ಟಿ, ಒಳಗೆ ನಿಧಾನವಾಗಿ ಆರಿ ಹೀಗೆ ಉಂಡೆಗಟ್ಟಿತು. ಎಂದರೆ ಇಂದಿನ ಆ ಒಣ ಬಯಲು ಅಂದು ನೀರಿನ ತಳ! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಂಥ ತಾಣಗಳ ರಕ್ಷಣೆಗೆಂದೇ ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಕರಡು ಮಸೂದೆಯೊಂದನ್ನು ಪ್ರಕಟಿಸಿತು.

ದೂರದ ತಾಣಗಳ ಕಷ್ಟ ಇಷ್ಟೇ: ಯಾರೂ ಹೋಗದಿದ್ದರೆ ಅವುಗಳ ಬೆಲೆ ಯಾರಿಗೂ ತಿಳಿಯದು, ಕಲ್ಲು ಒಡೆಯುವವನನ್ನು ತಡೆಯುವವರೂ ಇರುವುದಿಲ್ಲ. ಎಲ್ಲರೂ ಹೇಗೆಂದರೆ ಹಾಗೆ ಹೋದರೆ ತಾಣವೇ ಉಳಿಯದು. ಆದ್ದರಿಂದ ಹೋಗಬೇಕು, ಕ್ರಮವರಿತು ಹೋಗಬೇಕು.

ಈ ಸಲ ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ಕೋಟೆಯ ಜೊತೆ ಮರಡಿಹಳ್ಳಿಯನ್ನೂ ತೋರಿಸೋಣ. ಫೋಟೋ ತೆಗೆಯೋಣ. ಹೆಸರು ಕೆತ್ತುವುದು ಬೇಡ, ನೆನಪಿಗೆಂದು ಒಂದು ಚೂರು ಕಲ್ಲನ್ನೂ ತರುವುದು ಬೇಡ.