ಮೇಲಿನ ಗಾಂಧಾರದಲ್ಲಿ ಒಡೆಯುತ್ತಿದ್ದ ದನಿ

ಹೋದ ವರ್ಷ ಅಮರೇಶ್ವರ ಜಾತ್ರೆಗೆ ಗುರುಗುಂಟಾಕ್ಕೆ ಹೋದಾಗ ರಾತ್ರಿ ನಮ್ಮ ಓಣಿಯಲ್ಲಿ ಭಜನಿ ಇತ್ತು. ತತ್ವಪದದ ಮೇಲಿನ ಸಾಲು ಎತ್ತುವವರು ಯಾವಾಗಲೂ ನಮ್ಮಪ್ಪ. ಅವತ್ತು ಅಪ್ಪ ನನ್ನ ಮೊಣಕಾಲು ತಟ್ಟಿ, "ನನಗ ದಮ್ಮು ಸಾಲಂಗಿಲ್ಲ, ನೀ ಎತ್ತು" ಅಂದರು. ಎತ್ತಿದೆ. ಮೇಲಿನ ಷಡ್ಜ ಬಂತು, ರಿಷಭ ಬಂತು, ಗಾಂಧಾರಕ್ಕೆ ಹೋಗುತ್ತಲೇ ದನಿ ಫಟ್ಟನೆ ಒಡೆದು ಪೀಪಿಯಂಥ ಸದ್ದು ಹೊರಬಂತು. ತಾಳ ಹೊಡೆಯುತ್ತಿದ್ದ ಹುಡುಗರು ನಕ್ಕರು. ಪೇಟಿ ನುಡಿಸುವ ಕಾಕಾ ನಗಲಿಲ್ಲ. "ಕಳ್ಳದನಿ ಬ್ಯಾಡ ತಮ್ಮಾ, ಖರೇ ದನೀಲೆ ಹಾಡು" ಅಂದರು.

"ಶ್ರುತಿ ಸ್ವಲ್ಪ ಇಳಸ್ರಿ ಕಾಕಾ" ಅಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನನಗೆ ನೆನಪಿದ್ದಾಗಿನಿಂದ ಆ ಪೇಟಿ ಕರಿ ಎರಡರಲ್ಲೇ ಶುರುವಾಗುತ್ತದೆ. ಒಬ್ಬರೇ ಹಾಡುವವರು ತಮ್ಮ ಕಂಠಕ್ಕೆ ತಕ್ಕ ಶ್ರುತಿ ಇಟ್ಟುಕೊಳ್ಳಬಹುದು. ಗಂಗೂಬಾಯಿ ಹಾನಗಲ್ ಅವರ ದನಿ ಟಾನ್ಸಿಲ್ ಆಪರೇಷನ್ ಆದ ಮೇಲೆ ಗಂಡಸರ ದನಿಯಷ್ಟು ಕೆಳಗಿಳಿಯಿತು. ಅವರು ಅದೇ ದನಿಯಲ್ಲಿ ಕಿರಾಣಾ ಘರಾಣೆಯ ದೊಡ್ಡ ಗಾಯಕಿಯಾದರು. ಆದರೆ ಭಜನಿಯಲ್ಲಿ ಹತ್ತು ಜನರ ಕಂಠ ಒಂದು ಶ್ರುತಿಗೆ ಕೂತಿರುತ್ತದೆ. ನನ್ನೊಬ್ಬನಿಗಾಗಿ ಅದು ಯಾಕೆ ಇಳಿಯಬೇಕು?

ಬೆಂಗಳೂರಿಗೆ ಬಂದವನೇ ಫೋನಿನಲ್ಲಿ ಪಿಚ್ ತೋರಿಸುವ ಆ್ಯಪ್ ಹಾಕಿಕೊಂಡು ಅದೇ ಸಾಲು ಹಾಡಿದೆ. ಗೆರೆ ನಿಧಾನ ಏರುತ್ತಾ ಹೋಗಿ ರಿಷಭ ದಾಟಿದ ಮೇಲೆ ಏಣಿಯ ಮೆಟ್ಟಿಲು ಮುರಿದ ಹಾಗೆ ಹಾರಿತ್ತು. ನಾನು ಸಾಫ್ಟ್‌ವೇರ್ ಬರೆಯುವವನು. ಬಗ್ ಕಣ್ಣಿಗೆ ಕಂಡರೆ ಅರ್ಧ ಸಮಾಧಾನ.

ಕರಿ ಎರಡರಲ್ಲಿ ಮೇಲಿನ ಗಾಂಧಾರ ಅಂದರೆ ಸುಮಾರು 392 ಹರ್ಟ್ಸ್. ಗಂಟಲಿನ ಧ್ವನಿತಂತುಗಳು ಸೆಕೆಂಡಿಗೆ 392 ಸಲ ಕೂಡಿ ಬಿಡಬೇಕು. ಮಾತಾಡುವಾಗ ಗಂಡಸರದು ಇದರ ಮೂರನೇ ಒಂದು ಭಾಗವೂ ಇರುವುದು ಕಡಿಮೆ. ಕೆಳಗಿನ ಸ್ವರಗಳಲ್ಲಿ ತಂತುಗಳು ದಪ್ಪಗೆ, ಗಿಡ್ಡಗೆ ಇದ್ದು ಪೂರ್ತಿ ಅಂಚಿಗೆ ಅಂಚು ಬಡಿಯುತ್ತವೆ. ಇದು ಎದೆಯ ದನಿ. ಮೇಲೆ ಹೋದಂತೆ ಇನ್ನೊಂದು ಸ್ನಾಯು ಅವುಗಳನ್ನು ಎಳೆದು ತೆಳ್ಳಗೆ ಮಾಡುತ್ತದೆ. ಏಕತಾರಿಯ ತಂತಿ ಬಿಗಿದಂತೆ ಅನ್ನಿ. ಎದೆಯ ದನಿಯ ದಪ್ಪ ಬಿಡದೆ ಬಿಗಿಯುತ್ತ ಹೋದರೆ ಒಂದು ಹಂತದಲ್ಲಿ ಹಿಡಿತ ತಪ್ಪಿ ಪೂರ್ತಿ ತೆಳ್ಳಗಿನ ದನಿಗೆ ಜಿಗಿಯುತ್ತದೆ. ಕಾಕಾ ಹೇಳಿದ ಕಳ್ಳದನಿ ಅದೇ. ದಪ್ಪವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ, ಆದರೆ ತಂತುಗಳು ಕೂಡುವುದನ್ನು ಬಿಡದೆ ಮೇಲೆ ಹೋದರೆ ಸಿಗುವುದು ಮಿಕ್ಸ್ಡ್ ವಾಯ್ಸ್. ಕೇಳುವವರಿಗೆ ಅದು ಖರೇ ದನಿಯೇ.

ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ಮಾಡಿದ್ದು ಬರೀ ಒದರಾಟ. ಜೋರು ಹಾಕಿದರೆ ಬರುತ್ತದೆ ಅಂತ ದಿನಾ ಒಂದು ತಾಸು, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಕಾರಿನ ಗಾಜು ಏರಿಸಿಕೊಂಡು. ಸೆಕ್ಯುರಿಟಿ ಅಣ್ಣ ಒಂದು ಸಲ ಗಾಜು ತಟ್ಟಿ, "ಸರ್, ಏನಾದ್ರೂ ಪ್ರಾಬ್ಲಮ್ಮಾ?" ಅಂತ ಕೇಳಿದರು. ಮೂರು ತಿಂಗಳಿಗೆ ದನಿ ಬಿದ್ದುಹೋಯಿತು. ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನನ್ನ ಅಪ್‌ಡೇಟನ್ನು ಚಾಟಿನಲ್ಲಿ ಟೈಪ್ ಮಾಡಬೇಕಾಯಿತು. ಇಎನ್‌ಟಿ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, ಗಂಟು ಇಲ್ಲ, ಬಾವು ಇದೆ ಅಂದರು. ಎರಡು ವಾರ ಹಾಡು ಬಂದ್. ಪಿಸುಮಾತೂ ಬೇಡ, ಅದೂ ಗಂಟಲಿಗೆ ಶ್ರಮವೇ ಅಂದರು. ಪರದೆಯ ಮೇಲೆ ನನ್ನದೇ ಧ್ವನಿತಂತು ನೋಡಿದೆ, ಎರಡು ಬೆಳ್ಳನೆಯ ಎಳೆ. ಮ್ಯಾನುಯೆಲ್ ಗಾರ್ಸಿಯಾ ಎಂಬ ಹಾಡಿನ ಮೇಷ್ಟ್ರು 1854ರಲ್ಲಿ ಹಲ್ಲಿನ ಡಾಕ್ಟರ ಕನ್ನಡಿ, ಒಂದು ಕೈಗನ್ನಡಿ, ಬಿಸಿಲು ಇಷ್ಟನ್ನೇ ಇಟ್ಟುಕೊಂಡು ತನ್ನ ಗಂಟಲಿನೊಳಗೆ ಇದನ್ನು ನೋಡಿದ್ದ. ನಿಮ್ಮ ದನಿಯೂ ಎರಡು ಮೂರು ವಾರ ಒಡಕಾಗಿಯೇ ಉಳಿದರೆ ಯೂಟ್ಯೂಬ್ ನೋಡುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಆಮೇಲೆ ದಾರಿ ಬದಲಾಯಿತು. ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಕಲಿಸುವ ಮೇಡಂ ಒಬ್ಬರು ಸಿಕ್ಕರು. ಮೊದಲ ತಿಂಗಳು ಹಾಡೇ ಇಲ್ಲ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಇಟ್ಟು, ಗುಳುಗುಳು ಅನ್ನಿಸುತ್ತ ಕೆಳಗಿನ ಪಂಚಮದಿಂದ ಮೇಲಿನ ಗಾಂಧಾರದವರೆಗೆ ಜಾರುವುದು. ತುಟಿಯ ಕಡೆಯಿಂದ ಹಿಂದಕ್ಕೆ ಬರುವ ಒತ್ತಡ ಧ್ವನಿತಂತುಗಳಿಗೆ ಆಸರೆ ಕೊಡುವುದರಿಂದ ಅವು ಒತ್ತಿಕೊಳ್ಳದೆ ಕೂಡುತ್ತವೆ. ಎರಡನೆಯದು ನಮ್ಮ ವರ್ಣಮಾಲೆಯಲ್ಲಿ ಯಾರೂ ಬಳಸದ ಙ. 'ಅಂಗಳ' ಅನ್ನುವಾಗ ನಡುವೆ ಬರುತ್ತದಲ್ಲ, ಆ ಸದ್ದು. ಅದನ್ನೇ ಹಿಡಿದು ಮೇಲೆ ಹೋಗುವುದು, ಅದೂ ಅರ್ಧ ದನಿಯಲ್ಲಿ. ಜೋರು ಮಾಡಿದ ತಕ್ಷಣ ಮೇಡಂ ನಿಲ್ಲಿಸುತ್ತಿದ್ದರು. ಶಕ್ತಿ ಕೊನೆಗೆ ಬರುವ ವಿಷಯ, ಮೊದಲು ಒಡೆಯದೆ ದಾಟುವುದು ಅನ್ನೋದು ಅವರ ಹಟ. ಆರು ವಾರಕ್ಕೆ ಆ್ಯಪಿನ ಗೆರೆಯಲ್ಲಿದ್ದ ಮುರಿದ ಮೆಟ್ಟಿಲು ಹೋಯಿತು. ದನಿ ಮಾತ್ರ ಸೊಳ್ಳೆಯಷ್ಟು ಸಣ್ಣದು.

ಆ ಸಣ್ಣದನ್ನು ದೊಡ್ಡದು ಮಾಡುವುದು ಹೇಗೆ ಅಂತ ತಿಳಿದದ್ದು ಊರಲ್ಲಿ. ದೀಪಾವಳಿಗೆ ಹೋಗಿದ್ದೆ. ಅಪ್ಪ ಬದುವಿನ ಮೇಲೆ ನಿಂತು ಆಚೆ ಹೊಲದವರನ್ನು ಕರೆದರು: "ಹೋಯ್, ಬರ್ರ್ಯೋ!" ದಮ್ಮು ಸಾಲದು ಅಂದಿದ್ದ ಮನುಷ್ಯ. ಆ್ಯಪ್ ತೆಗೆದು ಇನ್ನೊಮ್ಮೆ ಕೂಗಿಸಿದೆ. ನನ್ನ ಗಾಂಧಾರದ ಹತ್ತಿರವೇ ಇತ್ತು! ಗಂಟಲ ನರ ಉಬ್ಬಿರಲಿಲ್ಲ, ಬಾಯಿ ಅಗಲವಾಗಿರಲಿಲ್ಲ. ಉದ್ದಕ್ಕೆ ತೆರೆದಿತ್ತು. ನಾನು ಮೇಲಿನ ಸ್ವರದಲ್ಲಿ 'ಆ'ವನ್ನು ನಗುವವನ ಹಾಗೆ ಅಗಲ ಮಾಡುತ್ತಿದ್ದೆ. ಅಪ್ಪನ 'ಹೋಯ್'ನಲ್ಲಿ ಸ್ವರ 'ಓ' ಕಡೆ ವಾಲಿ ದುಂಡಗಿತ್ತು. ಮೇಡಂಗೆ ರೆಕಾರ್ಡಿಂಗ್ ಕಳಿಸಿದೆ. "ಇದನ್ನೇ ನಾನು ಎರಡು ತಿಂಗಳಿಂದ ಹೇಳ್ತಿರೋದು" ಅಂತ ರಿಪ್ಲೈ ಬಂತು.

ಅಲ್ಲಿಂದ ಅಭ್ಯಾಸ ಅಂದರೆ ಮೊದಲು ಸ್ಟ್ರಾ, ಆಮೇಲೆ ಆ ಕೂಗು, ಕೂಗಿನ ಜಾಗದಲ್ಲೇ ಪದದ ಸಾಲು. ದಿನಕ್ಕೆ ಇಪ್ಪತ್ತು ನಿಮಿಷ, ಹೆಚ್ಚಿಲ್ಲ. ಆಫೀಸಿಗೆ ಹೋಗುವಾಗ ಸಿದ್ಧರಾಮ ಜಂಬಲದಿನ್ನಿಯವರ ವಚನಗಳನ್ನು ಕೇಳುತ್ತಿದ್ದೆ. ನಮ್ಮ ರಾಯಚೂರು ರಂಗಮಂದಿರಕ್ಕೆ ಅವರ ಹೆಸರೇ ಇದೆ, ಆದರೆ ಅವರನ್ನು ಕೂತು ಕೇಳಿದ್ದು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ. ಹೆಲ್ಮೆಟ್ಟಿನೊಳಗೆ ಜೊತೆಗೆ ಗುನುಗಿದರೆ ಯಾರಿಗೂ ತೊಂದರೆಯಿಲ್ಲ.

ಈ ವರ್ಷದ ಜಾತ್ರೆಗೆ ಮತ್ತೆ ಅದೇ ಓಣಿ, ಅದೇ ಕರಿ ಎರಡು. ಭಜನಿಯವರು ಕಡಿಮೆಯಾಗಿದ್ದರು, ಇಬ್ಬರು ಹುಡುಗರು ಕೆಲಸಕ್ಕೆ ಪುಣೆಗೆ ಹೋಗಿದ್ದರು. ಅಪ್ಪ ಈ ಸಲ ಮೊಣಕಾಲು ತಟ್ಟಲಿಲ್ಲ, ಸುಮ್ಮನೆ ತಾಳ ಕೈಗೆ ತಗೊಂಡರು. ಸಾಲು ಎತ್ತಿದೆ. ಷಡ್ಜ, ರಿಷಭ, ಗಾಂಧಾರ. ಸ್ವಲ್ಪ ನಡುಗಿತು, ಒಡೆಯಲಿಲ್ಲ. ಹಿಂದಿನಿಂದ ಎಲ್ಲರೂ ಕೂಡಿದರು.

ಪೇಟಿ ಕಾಕಾ ಶಹಬ್ಬಾಸ್ ಅನ್ನಲಿಲ್ಲ. ಮುಂದಿನ ಪದಕ್ಕೆ ಕರಿ ಮೂರು ಹಿಡಿದರು. ಅಲ್ಲಿ ಮತ್ತೆ ಒಡೆಯಿತು.